ವಂಕಿಯ ನೆನಪು

ಎಂಆರ್‌ಐ ಕೋಣೆಯ ಹೊರಗೆ ತಾಳಿ, ಕಾಲುಂಗುರ ಬಿಚ್ಚಿಸುವಾಗ ಹೆಂಗಸರು ನನ್ನ ಕಿವಿಯಲ್ಲಿ ಪಿಸುಗುಡುತ್ತಾರೆ: “ಸಿಸ್ಟರ್, ಒಳಗೆ ವಂಕಿ ಇದೆ. ಅಯಸ್ಕಾಂತ ಎಳೀತದಾ?” ಆ ನಡುಗುವ ಬೆರಳುಗಳನ್ನು ಹಿಡಿದೇ ಉತ್ತರಿಸುತ್ತೇನೆ.

ವಂಕಿ ಎಂದರೆ ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಸಾಧನ. 1965ರಲ್ಲಿ ಸರ್ಕಾರ ತಂದ ಲಿಪ್ಪೆಸ್ ಲೂಪ್ ಪ್ಲಾಸ್ಟಿಕ್ಕಿನದು. ಎಕ್ಸ್‌ರೇಯಲ್ಲಿ ಕಾಣಲೆಂದು ಬೇರಿಯಂ ಬೆರೆಸಿದ್ದರು. ಆಮೇಲಿನ ಕಾಪರ್-ಟಿಯ ತಾಮ್ರಕ್ಕೆ ಅಯಸ್ಕಾಂತ ಅಂಟದು. ಚೀನಾದ ಹಳೆಯ ಉಕ್ಕಿನ ಉಂಗುರದಂಥ ವಂಕಿಯ ಮಾತೇ ಬೇರೆ. ಅದನ್ನು ಕೇಳಿ ತಿಳಿಯಲೇಬೇಕು.

ಗರ್ಭ ತಡೆಯಲೆಂದೇ ತೋಳಿನ ಚರ್ಮದಡಿ ಇಡುತ್ತಿದ್ದ ನಾರ್‌ಪ್ಲಾಂಟ್‌ನಲ್ಲಿ ಆರು ಸಿಲಿಕೋನ್ ಕಡ್ಡಿಗಳಿದ್ದವು. ಮುಂದೆ ಬಂದ ಇಂಪ್ಲನಾನ್ ಒಂದೇ ಕಡ್ಡಿ, 4 ಸೆಂ.ಮೀ. ಉದ್ದ. ಆಳಕ್ಕೆ ಸರಿದರೆ ಎಕ್ಸ್‌ರೇಗೂ ಸಿಗುತ್ತಿರಲಿಲ್ಲ. ಅದಕ್ಕೇ, ಅದರ ನಂತರ ಬಂದ ನೆಕ್ಸ್‌ಪ್ಲನಾನ್‌ಗೆ ಮತ್ತೆ ಬೇರಿಯಂ ಸೇರಿಸಿದರು, ಲೂಪಿಗೆ ಬೆರೆಸಿದ್ದ ಅದೇ ಬಿಳಿ ಪುಡಿ.