ಮಂಚದ ಪಕ್ಕಕ್ಕೇ ಬಂದ ಡಯಾಲಿಸಿಸ್

ಸ್ಟ್ರೋಕ್ ಆದವರು, ಕಾಲು ಕಳೆದುಕೊಂಡವರು ಮತ್ತೆ ನಡೆಯೋದನ್ನು ಕಲಿಯಲು ಅಮೆರಿಕಾದಲ್ಲಿ ರಿಹ್ಯಾಬ್ ಆಸ್ಪತ್ರೆ ಸೇರುತ್ತಾರೆ. ಅಲ್ಲಿ ಸಾಮಾನ್ಯವಾಗಿ ದಿನಕ್ಕೆ 3 ಗಂಟೆ, ವಾರಕ್ಕೆ 5 ದಿನ ಥೆರಪಿ. ಜೊತೆಗೆ ಕಿಡ್ನಿಯೂ ಕೈಕೊಟ್ಟಿದ್ದರೆ? ವಾರಕ್ಕೆ 3 ಸಲ ಡಯಾಲಿಸಿಸ್, ಸಲಕ್ಕೆ ಸುಮಾರು 4 ಗಂಟೆ. ಅದಕ್ಕೆ ಬೇರೆ ಕಡೆ ಹೋಗಿಬಂದ ಮೇಲೆ ಥೆರಪಿಗೆ ಮೈಯಲ್ಲಿ ತ್ರಾಣ ಎಲ್ಲಿರುತ್ತೆ? ಹಾಗಾಗಿ ಕೆಲವು ಕಡೆ ಯಂತ್ರವನ್ನೇ ಒಳಗೆ ತಂದಿದ್ದಾರೆ.

ರೋಗಿ ಇದ್ದಲ್ಲಿಗೇ ಯಂತ್ರ ಹೋಗೋ ಈ ಕಥೆಯಲ್ಲಿ ಸಿಯಾಟಲ್ ನಗರದ್ದು ದೊಡ್ಡ ಪಾಲು. 1960ರಲ್ಲಿ ಅಲ್ಲಿನ ಡಾಕ್ಟರ್ ಬೆಲ್ಡಿಂಗ್ ಸ್ಕ್ರಿಬ್ನರ್, ಕೈಯಲ್ಲೇ ಉಳಿಯುವ ಟೆಫ್ಲಾನ್ ಕೊಳವೆ ಜೋಡಿಸಿ, ವರ್ಷಗಟ್ಟಲೆ ಡಯಾಲಿಸಿಸ್ ಮಾಡೋದನ್ನು ಸಾಧ್ಯವಾಗಿಸಿದರು. 1962ರಲ್ಲಿ ಕೇಂದ್ರವೂ ಶುರುವಾಯಿತು. ಆದರೆ ಹಾಸಿಗೆ ಬೆರಳೆಣಿಕೆಯಷ್ಟು. ಯಾರಿಗೆ ಕೊಡಬೇಕು ಅಂತ ಒಂದು ಸಮಿತಿ ಕೂತು ತೀರ್ಮಾನಿಸುತ್ತಿತ್ತು. ಅಂದರೆ ಯಾರು ಬದುಕಬೇಕು ಅಂತ!

ಹೈಸ್ಕೂಲಿನ ಹುಡುಗಿಯೊಬ್ಬಳಿಗೆ ಅಲ್ಲಿ ಜಾಗ ಸಿಗಲಿಲ್ಲ. ಅವಳು ಲೆಸ್ ಬ್ಯಾಬ್ ಅವರ ಗೆಳೆಯರ ಮಗಳು. ಬ್ಯಾಬ್ ಡಾಕ್ಟರಲ್ಲ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಇಂಜಿನಿಯರಿಂಗ್ ಪ್ರೊಫೆಸರ್ (ನಮ್ಮ ಪೈಕಿಯವರೇ ಅನ್ನಿ). ಅವರ ತಂಡ 1964ರಲ್ಲಿ ಮನೆಯಲ್ಲೇ ನಡೆಸಬಹುದಾದ ಯಂತ್ರ ಕಟ್ಟಿತು. ಅದಕ್ಕೆ 'ಮಿನಿ ಮಾನ್‌ಸ್ಟರ್' ಅಂತ ಹೆಸರು ಬಿತ್ತು.

ಡಯಾಲಿಸಿಸ್ ದ್ರವ ನಿಮಿಷಕ್ಕೆ 500 ಮಿ.ಲೀ. ಹರಿದರೆ 4 ಗಂಟೆಗೆ 120 ಲೀಟರ್, ಲೆಕ್ಕ ಹಾಕಿ ನೋಡಿ. ಅಷ್ಟನ್ನೂ ತೊಟ್ಟಿಯಲ್ಲಿ ಕಲಸಿಡೋದು ಮನೆಯಲ್ಲಿ ಆಗೋ ಮಾತಾ? ಈ ಯಂತ್ರ ಗಟ್ಟಿ ದ್ರಾವಣವನ್ನು ಹರಿಯುವ ನೀರಿಗೆ ಅಳತೆಯಲ್ಲಿ ತಾನೇ ಬೆರೆಸುತ್ತಿತ್ತು. ಇವತ್ತಿಗೂ ಬಹುತೇಕ ಯಂತ್ರಗಳದ್ದು ಇದೇ ವಿಧಾನ. ರಿಹ್ಯಾಬ್ ವಾರ್ಡಿನ ಮಂಚದ ಪಕ್ಕ, ಒಂದು ಪುಟ್ಟ ಆರ್.ಓ. ಘಟಕದ ಜೊತೆ ಗಾಲಿಗಳ ಮೇಲೆ ಬಂದು ನಿಲ್ಲುವ ಯಂತ್ರದ್ದೂ ಅಷ್ಟೇ.