ಕಾಲು ಜಾರಿತು ಅಂತಾರೆ

ಸಾರುವೆಯಿಂದ ಬಿದ್ದು ನಮ್ಮಪ್ಪ ಸೊಂಟ ಮುರಿದುಕೊಂಡಾಗ ಮೇಸ್ತ್ರಿ ಹೇಳಿದ್ದು ಒಂದೇ ಮಾತು: “ಕಾಲು ಜಾರಿತು.” ತಪ್ಪು ಕಾಲಿನದಾಯಿತು. ಹಲಗೆ ಕಿರಿದಾಗಿತ್ತು, ಹಿಡಿಯೋಕೆ ಅಡ್ಡಬೊಂಬು ಇರಲಿಲ್ಲ. ಅದನ್ನ ಯಾರೂ ಕೇಳಲಿಲ್ಲ.

ಈ ಮಾತಿಗೂ ಒಂದು ಚರಿತ್ರೆ ಇದೆ. 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮು, ನೆಲ ಮೆಟ್ಟಿಲು ಗಟ್ಟಿಯಾಗಿರಬೇಕು, ಬೇಕಾದ ಕಡೆ ಹಿಡಿಯುವ ಕಂಬಿ ಇರಬೇಕು ಎಂದಿತು. 33ನೆಯದು ಗುಂಡಿಗಳನ್ನು ಮುಚ್ಚಿ, ಇಲ್ಲವೇ ಬೇಲಿ ಹಾಕಿ ಎಂದಿತು. ಆದರೆ ನೆಲದ ಮೇಲೆ ಜಾರಿಸುವ ವಸ್ತು, ಅಡ್ಡಿ ಇರಕೂಡದು ಎಂಬ ಮಾತು ಸೇರಿದ್ದು 1976ರ ತಿದ್ದುಪಡಿಯಲ್ಲಿ. ಜಾರಿಸೋದು ನೆಲ ಅಂತ ಬರೆಯೋಕೆ ಕಾಯ್ದೆಗೇ 28 ವರ್ಷ ಹಿಡಿಯಿತು!

ಅದೂ ಕಾರ್ಖಾನೆಯ ಗೋಡೆಯೊಳಗೆ. ಗೋಡೆ ಕಟ್ಟುವವರಿಗೆ ಪ್ರತ್ಯೇಕ ಕಾಯ್ದೆ ಬಂದದ್ದು 1996ರಲ್ಲಿ. ಹತ್ತು ಮಂದಿಯಾದರೂ ದುಡಿಯುವ ಕಡೆಗೆ ಮಾತ್ರ. ಅಪ್ಪನ ಜೊತೆಗಿದ್ದವರು ಆರು ಜನ. 2020ರ ಸಂಹಿತೆ ಎರಡೂ ಕಾಯ್ದೆಗಳನ್ನು ಒಳಗೆ ಹಾಕಿಕೊಂಡಿತು. ಕಟ್ಟಡ ಕೆಲಸಕ್ಕೆ ಹತ್ತರ ಗೆರೆ ಹಾಗೇ ಉಳಿಯಿತು.

ಗೆಳೆಯರೇ, ಇನ್ನೊಂದು ಹಲಗೆ ಹಾಸೋಕೆ, ಅಡ್ಡಬೊಂಬು ಬಿಗಿಯೋಕೆ, ಚೆಲ್ಲಿದ ಗಾರೆ ಬಳಿಯೋಕೆ ಎಷ್ಟು ದುಡ್ಡು ಬೇಕು? ಮುಂದೆ ಯಾರಾದರೂ ಬಿದ್ದರೆ ಕಾಲನ್ನು ವಿಚಾರಿಸಬೇಡಿ. ಹಲಗೆಯ ದುಡ್ಡು ಉಳಿಸಿಕೊಂಡವನನ್ನು ವಿಚಾರಿಸಿ.