ಕಂಡದ್ದು ಮತ್ತು ಕಂಡಂತಾದದ್ದು: ಕಲ್ಯಾಣ ನಾಡಿನಲ್ಲಿ ಆಕಸ್ಮಿಕ ಆಕೃತಿಗಳ ಅರ್ಥಚರಿತ್ರೆ

ಗೋಡೆಯ ತೇವದ ಕಲೆಯಲ್ಲಿ ಮುದುಕನ ಮೋರೆ, ಮೋಡದಲ್ಲಿ ಆನೆ, ಹುಣ್ಣಿಮೆಯ ಚಂದ್ರನಲ್ಲಿ ಮೊಲ ಕಾಣದವರು ಅಪರೂಪ. ಮನೋವಿಜ್ಞಾನಿಗಳು ಇದನ್ನು ಪ್ಯಾರಿಡೋಲಿಯಾ ಎನ್ನುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳ ನಡುವೆ ನಂಟು ಕಾಣುವ ಪ್ರವೃತ್ತಿಗೆ ಜರ್ಮನಿಯ ಮನೋವೈದ್ಯ ಕ್ಲೌಸ್ ಕಾನ್ರಾಡ್ 1958ರಲ್ಲಿ ಅಪೊಫೀನಿಯಾ ಎಂಬ ಹೆಸರಿಟ್ಟ. ಹೆಸರುಗಳು ಈಚಿನವು, ಅನುಭವ ಪುರಾತನ. ಬಸವಕಲ್ಯಾಣ ಮತ್ತು ಹುಮನಾಬಾದ್ ಪರಿಸರದ ಗ್ರಂಥ, ಶಿಲ್ಪ ಮತ್ತು ವಚನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಆಕೃತಿ ಕಾಣುವುದು ಬೇರೆ, ಅದಕ್ಕೆ ಅರ್ಥ ಕಟ್ಟುವುದು ಬೇರೆ ಎಂಬ ವಿವೇಕ 11 ಮತ್ತು 12ನೆಯ ಶತಮಾನಗಳಲ್ಲೇ ಇಲ್ಲಿ ರೂಪುಗೊಂಡಿತ್ತು ಎಂಬುದು ಈ ಲೇಖನದ ವಾದ.

ನಿಮಿತ್ತಗಳ ಓದು

ಕಲ್ಯಾಣದ ಚಾಲುಕ್ಯರ ಕಾಲದ ಶಾಸ್ತ್ರಗ್ರಂಥಗಳಲ್ಲಿ ಶಕುನಕ್ಕೆ ಗೌರವದ ಸ್ಥಾನವಿತ್ತು. ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ಬರೆದ ‘ಲೋಕೋಪಕಾರ’ ಕನ್ನಡದ ಮೊದಮೊದಲ ವಿಶ್ವಕೋಶಗಳಲ್ಲಿ ಒಂದು. ಜ್ಯೋತಿಷ, ಅಂತರ್ಜಲದ ಶೋಧ, ವೃಕ್ಷಾಯುರ್ವೇದ, ಅಡುಗೆ, ವೈದ್ಯ ಇವುಗಳ ಸಾಲಿನಲ್ಲಿಯೇ ಶಕುನದ ಅಧ್ಯಾಯವೂ ಇದೆ. ಶ್ರೀಧರಾಚಾರ್ಯನ ‘ಜಾತಕತಿಲಕ’ 1049ರದು. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ದಂಡಯಾತ್ರೆಗೆ ಹೊರಡುವ ಅರಸನು ಗಮನಿಸಬೇಕಾದ ಶಕುನಗಳ ವಿವರವಿದೆ.

ಇವನ್ನೆಲ್ಲ ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಮಳೆಯನ್ನೇ ನಂಬಿ ಬದುಕುವ ನಾಡಿನಲ್ಲಿ ಗಾಳಿ, ಮೋಡ, ಹಕ್ಕಿ, ಇರುವೆಗಳ ನಡೆಯಲ್ಲಿ ಮುಂಗುರುತು ಹುಡುಕುವುದು ಅನಿವಾರ್ಯವಾಗಿತ್ತು. ಆ ಗುರುತುಗಳಲ್ಲಿ ಕೆಲವು ನಿಜವಾದ ಕಾರ್ಯಕಾರಣದ ಮೇಲೆ ನಿಂತವು, ಕೆಲವು ಬರಿಯ ಕಾಕತಾಳೀಯ. ಎರಡನ್ನೂ ಬೇರ್ಪಡಿಸುವ ಒರೆಗಲ್ಲು ಶಕುನಶಾಸ್ತ್ರದೊಳಗೆ ಇರಲಿಲ್ಲ. ಅದು ಸಿಗುವುದು ಅದೇ ಕಾಲದ ಬೇರೆ ಶಾಸ್ತ್ರಗಳಲ್ಲಿ.

ಆಕಾರಮಾತ್ರದ ಹೋಲಿಕೆ

‘ಮಾನಸೋಲ್ಲಾಸ’ದ ಚಿತ್ರಪ್ರಕರಣ ಇಲ್ಲಿ ಬಹಳ ಮುಖ್ಯವಾದ ಆಕರ. ಗೋಡೆಯನ್ನು ಹದಗೊಳಿಸುವುದರಿಂದ ಹಿಡಿದು ಬಣ್ಣ, ಕುಂಚಗಳವರೆಗೆ ವಿವರಿಸುವ ಸೋಮೇಶ್ವರನು ಚಿತ್ರಗಳನ್ನು ವಿಂಗಡಿಸುತ್ತಾನೆ. ಕನ್ನಡಿಯ ಬಿಂಬದಂತೆ ಮೂಲವನ್ನೇ ಹೋಲುವುದು ವಿದ್ಧ. ಥಟ್ಟನೆ ಹೊಳೆದದ್ದನ್ನು ಬರೆದಾಗ ಆಕಾರಮಾತ್ರದ ಹೋಲಿಕೆ ಒದಗಿದರೆ ಅದು ಅವಿದ್ಧ. ಹೋಲಿಕೆ ಇದೆ ಎಂದ ಮಾತ್ರಕ್ಕೆ ಅದರ ಹಿಂದೆ ಮೂಲವಸ್ತು ಇರಲೇಬೇಕಿಲ್ಲ ಎಂಬ ತಿಳಿವಳಿಕೆ ಈ ವಿಂಗಡಣೆಯಲ್ಲಿ ಅಡಗಿದೆ. ಶಕುನಗಳನ್ನು ಪಟ್ಟಿಮಾಡಿದ ಗ್ರಂಥದಲ್ಲಿಯೇ ಇದೂ ಇರುವುದು ಗಮನಾರ್ಹ.

ಅಲಂಕಾರಶಾಸ್ತ್ರ ಇದನ್ನು ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸಿತು. ಕಲ್ಯಾಣಕ್ಕೆ ದೂರವಲ್ಲದ ಮಾನ್ಯಖೇಟದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ಕ್ಕೆ ದಂಡಿಯ ‘ಕಾವ್ಯಾದರ್ಶ’ ಆಧಾರ. ಒಂದನ್ನು ಮತ್ತೊಂದೆಂದು ಭ್ರಮಿಸುವುದನ್ನು ದಂಡಿ ಮೋಹೋಪಮೆ ಎಂದೂ, ಇದೋ ಅದೋ ಎಂಬ ತೊಳಲಾಟವನ್ನು ಸಂಶಯೋಪಮೆ ಎಂದೂ ಕರೆದ. ಹಾಗಲ್ಲವೆಂದು ಬಲ್ಲ ಕವಿ ಹಾಗೆಂದು ಸಂಭಾವಿಸಿದರೆ ಅದು ಉತ್ಪ್ರೇಕ್ಷೆ. ಚಾಲುಕ್ಯ ಜಗದೇಕಮಲ್ಲನ ಕಟಕೋಪಾಧ್ಯಾಯನಾಗಿದ್ದ ಇಮ್ಮಡಿ ನಾಗವರ್ಮನು ‘ಕಾವ್ಯಾವಲೋಕನ’ದಲ್ಲಿ ಈ ಪರಂಪರೆಯನ್ನು ಮುಂದುವರಿಸಿದ. ಮೋಡದಲ್ಲಿ ಆನೆ ಕಂಡ ಕವಿ ಉತ್ಪ್ರೇಕ್ಷೆಯಲ್ಲಿದ್ದಾನೆ. ಆ ಆನೆಗೆ ಹೆದರಿ ಓಡುವವನು ಭ್ರಾಂತಿಯಲ್ಲಿದ್ದಾನೆ. ಕಣ್ಣಿಗೆ ಬಿದ್ದದ್ದು ಇಬ್ಬರಿಗೂ ಒಂದೇ.

ನೈಯಾಯಿಕರ ಪ್ರಸಿದ್ಧ ನಿದರ್ಶನ ಸ್ಥಾಣು ಮತ್ತು ಪುರುಷ. ಮುಸ್ಸಂಜೆಯಲ್ಲಿ ದೂರದ ಮೋಟುಮರ ನಿಂತ ಮನುಷ್ಯನಂತೆ ತೋರುತ್ತದೆ. ಎತ್ತರ, ನೆಟ್ಟನೆಯ ನಿಲುವು ಎರಡಕ್ಕೂ ಸಮಾನವಾದ ಗುಣಗಳಾದ್ದರಿಂದ ಅವು ಕಾಣುತ್ತವೆ. ಮರದ ಪೊಟರೆಯಾಗಲಿ ಮನುಷ್ಯನ ಕೈಕಾಲಾಗಲಿ ಕಾಣುವುದಿಲ್ಲ, ನೆನಪಿಗೆ ಮಾತ್ರ ಬರುತ್ತವೆ. ಸಂಶಯ ಹುಟ್ಟುವುದು ಹೀಗೆ. ಹತ್ತಿರ ಹೋಗಿ ವಿಶೇಷ ಗುಣವನ್ನು ನೋಡುವುದೊಂದೇ ಅದಕ್ಕೆ ಪರಿಹಾರ.

ಕಲ್ಲಿಗೆ ಬಂದ ಮುಖ

ಕಂಡದ್ದರಲ್ಲೆಲ್ಲ ಮುಖ ಹುಡುಕುವ ಪ್ರವೃತ್ತಿಯನ್ನು ಶಿಲ್ಪಿಗಳು ಕಲೆಯಾಗಿ ದುಡಿಸಿಕೊಂಡರು. ಚಾಲುಕ್ಯ ಗುಡಿಗಳ ಕೀರ್ತಿಮುಖವನ್ನು ನೋಡಿ. ಉಬ್ಬಿದ ಎರಡು ಕಣ್ಣು, ತೆರೆದ ಬಾಯಿ. ಉಳಿದದ್ದು ಬಳ್ಳಿ, ಎಲೆ, ಸುರುಳಿಗಳಲ್ಲಿ ಕರಗಿಹೋಗುತ್ತದೆ. ಮುಖವೆನಿಸಲು ಎಷ್ಟು ಕಡಿಮೆ ರೇಖೆ ಸಾಕೆಂಬುದನ್ನು ಆ ಕೈಗಳು ಚೆನ್ನಾಗಿ ಅರಿತಿದ್ದವು. ಗುಂಡುಕಲ್ಲಿಗೆ ಸಿಂಧೂರ ಬಳಿದು ಬೆಳ್ಳಿಯ ಕಣ್ಣು ಕೂರಿಸುವ ಊರದೇವತೆಯ ಪೂಜೆಯಲ್ಲಿ, ಹೊಸ ಮನೆಯ ಮುಂದೆ ತೂಗುವ ಬೂದುಗುಂಬಳದ ಮೇಲೆ ಬರೆದ ಮೋರೆಯಲ್ಲಿ ಇಂದಿಗೂ ಅದೇ ಅರಿವು ಕೆಲಸ ಮಾಡುತ್ತಿದೆ. ಎರಡು ಕಣ್ಣು ಬಂದೊಡನೆ ಕಲ್ಲು ನಮ್ಮನ್ನು ನೋಡತೊಡಗುತ್ತದೆ.

ನೆಲದ ಗುಣವೂ ಇದಕ್ಕೆ ಒತ್ತಾಸೆ. ಬೀದರ್ ಪ್ರಸ್ಥಭೂಮಿಯಲ್ಲಿ ಬಸಾಲ್ಟ್ ಶಿಲೆಯ ಮೇಲೆ ಜಂಬಿಟ್ಟಿಗೆಯ ಹೊದಿಕೆಯಿದೆ. ಮಳೆನೀರು ಮೆದು ಜೇಡಿಯನ್ನು ತೊಳೆದೊಯ್ದಾಗ ಕಬ್ಬಿಣ ತುಂಬಿದ ಗಟ್ಟಿಭಾಗ ತೂತುತೂತಾಗಿ ಉಳಿಯುತ್ತದೆ. ಎರಡು ಕುಳಿ, ಕೆಳಗೊಂದು ಸೀಳು ಇರುವ ಕಲ್ಲು ಇಂಥ ನೆಲದಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಶಾಸನಸುಂದರಿ. ಫಲಕ ಹಿಡಿದು ಬರೆಯುತ್ತಿರುವ ಈ ಶಿಲಾಬಾಲಿಕೆಯ ಅಕ್ಷರಗಳನ್ನು ಓದಬಹುದು. ಅವು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ನೋಡುಗನೊಬ್ಬ ಊಹಿಸಿದ ಅರ್ಥ ಇದಲ್ಲ. ಲಿಪಿ ಬಲ್ಲ ಯಾರು ಓದಿದರೂ ಅದೇ ಪಾಠ ಸಿಗುತ್ತದೆ. ಉದ್ದೇಶಪೂರ್ವಕ ವಿನ್ಯಾಸಕ್ಕೂ ಆಕಸ್ಮಿಕ ಆಕೃತಿಗೂ ಇರುವ ವ್ಯತ್ಯಾಸವನ್ನು ತೋರಲು ಇದಕ್ಕಿಂತ ಒಳ್ಳೆಯ ನಿದರ್ಶನ ಈ ಸೀಮೆಯಲ್ಲಿ ಮತ್ತೊಂದಿಲ್ಲ.

ಶರಣರ ನಿರಾಕರಣೆ

12ನೆಯ ಶತಮಾನದ ನಡುಭಾಗದಲ್ಲಿ, ಬಿಜ್ಜಳನ ಕಲ್ಯಾಣದಲ್ಲಿ, ಶರಣರು ಈ ವಿವೇಕವನ್ನು ಪಂಡಿತರ ಓಲೆಗರಿಗಳಿಂದ ಬೀದಿಗೆ ತಂದರು. ಮನೆಬಳಕೆಯ ಸಾಮಾನುಗಳಿಂದ ಹಿಡಿದು ಬೀದಿಯ ಕಲ್ಲಿನವರೆಗೆ ಎಲ್ಲವನ್ನೂ ದೈವವೆನ್ನುವ ರೂಢಿಯನ್ನು ಬಸವಣ್ಣನವರು ಒಂದು ವಚನದಲ್ಲಿ ಕಟುವಾಗಿ ಪ್ರಶ್ನಿಸಿದ್ದಾರೆ. ಮತ್ತೊಂದರಲ್ಲಿ, ನಮ್ಮವರಿಗೆ ಎಲ್ಲ ದಿನವೂ ಶುಭವೇ ಎಂದು ಮುಹೂರ್ತದ ಹಂಗನ್ನು ಕಳಚಿದ್ದಾರೆ. ಈ ವಚನಗಳ ನೇರ ಗುರಿ ಕಣ್ಣಿನ ಭ್ರಮೆಯಲ್ಲ. ವಸ್ತುವಿಗೆ, ಗಳಿಗೆಗೆ ಇಲ್ಲದ ಶಕ್ತಿಯನ್ನು ಆರೋಪಿಸುವ ರೂಢಿ. ಆದರೂ ಅಪೊಫೀನಿಯಾದ ಬೇರು ಇರುವುದು ಈ ಆರೋಪದಲ್ಲಿಯೇ. ಅಂಗೈಯಲ್ಲಿ ಹಿಡಿದು ನೋಡುವ ಇಷ್ಟಲಿಂಗಕ್ಕೆ ಕಣ್ಣು ಮೂಗು ಬಾಯಿಗಳಿಲ್ಲ ಎಂಬುದನ್ನೂ ಇದರೊಂದಿಗೆ ಸೇರಿಸಿ ಯೋಚಿಸಬೇಕು. ಭಯ ಹುಟ್ಟಿಸುವ ಮುಖವಿಲ್ಲದ ಉಪಾಸನೆಯನ್ನು ಶರಣರು ಜನರ ಕೈಗೆ ಕೊಟ್ಟರು.

ಮಿದುಳಿನ ಸಾಕ್ಷ್ಯ

ಆಕೃತಿ ಕಾಣುವುದಕ್ಕೂ ಅದಕ್ಕೆ ಅರ್ಥ ಕಟ್ಟುವುದಕ್ಕೂ ಇರುವ ಭೇದವನ್ನು ಆಧುನಿಕ ಪ್ರಯೋಗಗಳು ಬಲಪಡಿಸಿವೆ. ಮಿದುಳಿನ ಕೆಳಭಾಗದ ಫ್ಯೂಸಿಫಾರ್ಮ್ ಮಡಿಕೆಯ ಒಂದು ಪ್ರದೇಶ ಮುಖಗಳಿಗೆ ವಿಶೇಷವಾಗಿ ಸ್ಪಂದಿಸುತ್ತದೆಂದು ನ್ಯಾನ್ಸಿ ಕ್ಯಾನ್‌ವಿಶರ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಸೂಸನ್ ವಾರ್ಡಲ್ ತಂಡದ 2020ರ ಅಧ್ಯಯನದ ಪ್ರಕಾರ, ವಸ್ತುವಿನಲ್ಲಿ ಕಾಣುವ ಹುಸಿಮುಖಕ್ಕೆ ಮಿದುಳು ಮೊದಲು ನಿಜಮುಖಕ್ಕೆ ಸ್ಪಂದಿಸುವಂತೆಯೇ ಸ್ಪಂದಿಸಿ, ಸುಮಾರು ಕಾಲು ಸೆಕೆಂಡಿನೊಳಗೆ ಅದನ್ನು ವಸ್ತುವೆಂದು ಪರಿಗಣಿಸತೊಡಗುತ್ತದೆ. ಮೊದಲ ನೋಟ ನಮ್ಮ ಹಿಡಿತದಲ್ಲಿಲ್ಲ. ಮುಖ ತಪ್ಪಿಹೋಗುವುದಕ್ಕಿಂತ ಇಲ್ಲದ ಮುಖ ಕಾಣುವುದೇ ಜೀವಿಗೆ ಕಡಿಮೆ ಅಪಾಯವೆಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ.

1976ರ ಜುಲೈನಲ್ಲಿ ವೈಕಿಂಗ್ 1 ನೌಕೆ ಮಂಗಳ ಗ್ರಹದ ಸೈಡೋನಿಯಾ ಪ್ರದೇಶದ ಗುಡ್ಡವೊಂದರ ಚಿತ್ರ ಕಳಿಸಿದಾಗ ಅದರಲ್ಲಿ ಮನುಷ್ಯನ ಮುಖ ಕಂಡಿತು. 1998 ಮತ್ತು 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಇನ್ನೂ ಸ್ಪಷ್ಟವಾಗಿ ಚಿತ್ರಿಸಿದಾಗ ಉಳಿದದ್ದು ಸವೆದ ಗುಡ್ಡ ಮಾತ್ರ. ನೈಯಾಯಿಕರು ಹೇಳಿದ ಹತ್ತಿರದ ನೋಟವೇ ಅಲ್ಲಿಯೂ ತೀರ್ಪು ಕೊಟ್ಟಿತು.

ಸಂಶೋಧಕರ ಹೊಣೆ

ಇತಿಹಾಸದ ವಿದ್ಯಾರ್ಥಿಗೆ ಇದು ಹೊರಗಿನ ವಿಷಯವಲ್ಲ. ಸವೆದ ಶಾಸನದ ಕಲ್ಲಿನಲ್ಲಿ ಬಿರುಕೂ ಅಕ್ಷರವಾಗಿ ಕಾಣುತ್ತದೆ, ನಿರೀಕ್ಷಿಸಿದ ಹೆಸರೇ ಕಣ್ಣಿಗೆ ಹೊಳೆಯುತ್ತದೆ. ಅದಕ್ಕೆಂದೇ ಶಾಸನತಜ್ಞರು ಪಡಿಯಚ್ಚು ತೆಗೆದು ಬೇರೆಯವರಿಂದಲೂ ಓದಿಸುತ್ತಾರೆ. ಸಂದೇಹದ ಅಕ್ಷರವನ್ನು ಕಂಸದೊಳಗಿಡುತ್ತಾರೆ. ಕಲ್ಯಾಣದ ಗವಿ, ಗದ್ದುಗೆ, ಹಾಳುಗೋಡೆಗಳ ಚರಿತ್ರೆ ಬರೆಯುವವರೂ ಇದೇ ಶಿಸ್ತು ಪಾಲಿಸಬೇಕು. ಜನರು ಕಂಡದ್ದನ್ನು ಜನರ ನಂಬಿಕೆಯೆಂದು ಗೌರವದಿಂದ ದಾಖಲಿಸಬೇಕು. ಕಲ್ಲು ಹೇಳಿದ್ದನ್ನು ಬೇರೆಯಾಗಿ ಬರೆಯಬೇಕು. ಎರಡನ್ನೂ ಬೆರೆಸಿದ ಬರಹ ಜನಪದಕ್ಕೂ ನ್ಯಾಯ ಒದಗಿಸುವುದಿಲ್ಲ, ಚರಿತ್ರೆಗೂ ಒದಗಿಸುವುದಿಲ್ಲ.